ಕಂಡವರ ಹೊಣೆ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ ನಮ್ಮ ಹಿರಿಯರ ತ್ಯಾಗವನ್ನೂ ಈ ದೇವಾಲಯದ ಇತಿಹಾಸವನ್ನೂ ನನಗಿಂತ ಮೊದಲು ಮಾತನಾಡಿದವರು ಸವಿಸ್ತಾರವಾಗಿ ನಿಮ್ಮ ಮುಂದಿಟ್ಟಿದ್ದಾರೆ. ನನ್ನ ಪಾಲಿಗೆ ಬಂದಿರುವ ವಿಷಯ ಅಷ್ಟು ಹಿತಕರವಾದುದಲ್ಲ. ಮನುಷ್ಯನನ್ನು ಅವನ ಮೈಬಣ್ಣದಿಂದ, ಮುಖಲಕ್ಷಣದಿಂದ, ಜನಾಂಗದಿಂದ ಅಳೆದು ಹೀನಾಯವಾಗಿ ನಡೆಸಿಕೊಳ್ಳುವುದು ದಿನನಿತ್ಯದ ಬಾಳಿನಲ್ಲಿ ನಮ್ಮ ಕಣ್ಣೆದುರಿಗೇ ಸಂಭವಿಸಿದಾಗ, ಅದನ್ನು ಕಂಡವರ ಕರ್ತವ್ಯವೇನು ಎಂಬುದೇ ಆ ವಿಷಯ. ತಪ್ಪು ಮಾಡಿದವನನ್ನು ಎಲ್ಲರೂ ದೂರುತ್ತಾರೆ. ನೊಂದವನಿಗಾಗಿ ಕೆಲವರಾದರೂ ಮರುಗುತ್ತಾರೆ. ಪಕ್ಕದಲ್ಲಿ ನಿಂತು ನೋಡಿದವನ ವಿಚಾರವನ್ನು ಯಾರೂ ಎತ್ತುವುದಿಲ್ಲ. ಆದರೆ ನಮ್ಮಲ್ಲಿ ಬಹುಮಂದಿ ಬಹುವೇಳೆ ಇರುವುದು ಆ ಸ್ಥಾನದಲ್ಲಿಯೇ.

ವರ್ಣಭೇದವೆಂದೊಡನೆ ನಮಗೆ ದಕ್ಷಿಣ ಆಫ್ರಿಕ ನೆನಪಾಗುತ್ತದೆ. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ ಸಂಗತಿಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ದೂರದ ನಾಡಿನ ಪಾಪವನ್ನು ಖಂಡಿಸುವುದು ಸುಲಭ. ಆದುದರಿಂದ ನಮ್ಮ ನಾಡಿನ ಕಡೆಗೇ ದೃಷ್ಟಿ ಹರಿಸೋಣ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಮೊದಲಾದ ತಾಲ್ಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನರು ನೆಲೆಸಿದ್ದಾರೆ. ಪೋರ್ತುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಅವರಲ್ಲಿದೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮಂತೆಯೇ ಜಪಸರ ಹಿಡಿಯುವ ಕಥೋಲಿಕರೂ ಇದ್ದಾರೆ. ಮನೆಯಲ್ಲಿ ಕೊಂಕಣಿ ಆಡುವ ಅವರಿಗೆ ಕನ್ನಡವೂ ಸ್ವಂತದ ಮಾತು. 2003ರಲ್ಲಿ ಆ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಇಷ್ಟಾಗಿಯೂ ಪಟ್ಟಣಕ್ಕೆ ಬಂದ ಸಿದ್ದಿ ತರುಣನ ಗುಂಗುರು ಕೂದಲನ್ನು ನೋಡಿ, "ನಿನ್ನದು ಯಾವ ದೇಶ?" ಎಂದು ಕೇಳಿ ನಗುವವರು ಉಂಟು. ಅವರ ಪೂರ್ವಿಕರನ್ನು ಕೊಂಡು ಮಾರಿದವರಲ್ಲಿ ನಮ್ಮ ಧರ್ಮದವರೇ ಇದ್ದರೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. 1992ರಲ್ಲಿ ಸೆನೆಗಲ್ ದೇಶದ ಗೋರೆ ದ್ವೀಪದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಆ ಪಾಪಕ್ಕಾಗಿ ಕ್ಷಮೆ ಬೇಡಿದರು.

ಇನ್ನು ನಮ್ಮ ರಾಜಧಾನಿಯನ್ನು ನೋಡಿರಿ. 2012ರ ಆಗಸ್ಟ್ ತಿಂಗಳಿನಲ್ಲಿ ಬರಿಯ ಗಾಳಿಮಾತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರನ್ನು ತೊರೆದು ಗುವಾಹಟಿಯ ರೈಲು ಹತ್ತಿದರು. ಗಾಳಿಮಾತಿಗೆ ಅಷ್ಟು ಬಲ ಬಂದುದೆಲ್ಲಿಂದ? ಕಣ್ಣು ಮೂಗುಗಳ ಆಕಾರವನ್ನು ಹಿಡಿದು ದಿನವೂ ಬೀದಿಯಲ್ಲಿ ಹಂಗಿಸಿಕೊಂಡವನಿಗೆ, ಆಪತ್ತಿನಲ್ಲಿ ಈ ಊರು ತನ್ನ ಪರವಾಗಿ ನಿಲ್ಲುವುದೆಂಬ ಭರವಸೆ ಹೇಗೆ ತಾನೇ ಉಳಿದೀತು?

2016ರ ಜನವರಿಯ ಕೊನೆಯ ದಿನ ಅದೇ ನಗರದ ಹೊರವಲಯದಲ್ಲಿ ಸುಡಾನ್ ದೇಶದವನೊಬ್ಬನು ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಸ್ಥಳೀಯ ಮಹಿಳೆಯೊಬ್ಬರು ಮೃತರಾದರು. ಬಳಿಕ ಆ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆಯೂ ಅವಳ ಸಂಗಡಿಗರ ಮೇಲೆಯೂ ಜನರ ಗುಂಪು ಎರಗಿತು. ಅಪಘಾತಕ್ಕೂ ಅವಳಿಗೂ ಮೈಬಣ್ಣದ ಹೊರತು ಬೇರಾವ ಸಂಬಂಧವೂ ಇರಲಿಲ್ಲ. ಪ್ರಾಣಭಯದಿಂದ ಬಸ್ಸೇರಲು ಹೋದ ಅವಳನ್ನು ಒಳಗಿದ್ದವರು ಹೊರಕ್ಕೆ ತಳ್ಳಿದರೆಂದೂ, ತೊಡಲು ಅಂಗಿ ಕೊಟ್ಟ ದಾರಿಹೋಕನೊಬ್ಬನಿಗೂ ಪೆಟ್ಟು ಬಿತ್ತೆಂದೂ ಪತ್ರಿಕೆಗಳು ವರದಿ ಮಾಡಿದವು. ಬಸ್ಸಿನಲ್ಲಿದ್ದವರೂ ಆ ದಾರಿಹೋಕನೂ ಕಂಡುದು ಒಂದೇ ಹೆಣ್ಣುಮಗಳನ್ನು. ಒಬ್ಬನಿಗೆ ಮಾತ್ರ ಅವಳು ಮಗಳಂತೆ, ತಂಗಿಯಂತೆ ಕಂಡಳು.

ಪವಿತ್ರ ಗ್ರಂಥದಲ್ಲಿ ಇಂಥ ದಾರಿಹೋಕನೊಬ್ಬನಿದ್ದಾನೆ. ಪ್ರವಾದಿ ಯೆರೆಮೀಯನನ್ನು ಜೆರುಸಲೇಮಿನ ಪ್ರಮುಖರೇ ಕೆಸರುಬಾವಿಗೆ ಇಳಿಸಿದರು. ಅರಮನೆಯ ಸೇವಕನಾದ ಎಬೆದ್ಮೆಲೆಕನೊಬ್ಬನೇ ಅರಸನಲ್ಲಿಗೆ ಹೋಗಿ, ನಡೆದುದು ಅನ್ಯಾಯವೆಂದು ನೇರವಾಗಿ ನುಡಿದನು. ಅವನು ಯೆಹೂದ್ಯನಲ್ಲ, ಆಫ್ರಿಕದ ಕೂಷ್ ದೇಶದ ಕಪ್ಪುವರ್ಣದವನು. ಪರದೇಶದವನಾದ ಅವನಿಗೆ ಮಾತಾಡುವುದರಿಂದ ಒದಗಬಹುದಾದ ಅಪಾಯ ಉಳಿದವರಿಗಿಂತ ಹೆಚ್ಚಿನದು. ಅಪ್ಪಣೆ ದೊರೆತ ಮೇಲೆ ಅವನು ಮಾಡಿದುದೇನು? ಎಳೆಯುವಾಗ ಹಗ್ಗವು ಪ್ರವಾದಿಯ ಕಂಕುಳನ್ನು ಕೊಯ್ಯದಿರಲೆಂದು ಹಳೆಯ ಬಟ್ಟೆಗಳನ್ನು ಹುಡುಕಿ ಬಾವಿಯೊಳಕ್ಕೆ ಇಳಿಬಿಟ್ಟನು.

ಈ ಒಬ್ಬ ಸೇವಕನಿಂದ ನಾವು ಮೂರು ಸಂಗತಿಗಳನ್ನು ಕಲಿಯಬಹುದು. ಮೊದಲನೆಯದಾಗಿ, ಅನ್ಯಾಯವನ್ನು ಅನ್ಯಾಯವೆಂದೇ ಕರೆಯಬೇಕು. "ತಮಾಷೆಗೆ ಅಂದದ್ದು" ಎಂದು ತೇಲಿಸಿಬಿಟ್ಟರೆ ಅಣಕಿಸಿದವನಿಗೆ ನಮ್ಮ ಒಪ್ಪಿಗೆಯೂ ದೊರೆತಂತಾಯಿತು. ಜಗಳ ಬೇಕಿಲ್ಲ, "ಹಾಗೆನ್ನಬೇಡಿ, ಅವರೂ ನಮ್ಮ ಹಾಗೆಯೇ" ಎಂಬ ಶಾಂತವಾದ ಒಂದು ಮಾತು ಅನೇಕ ವೇಳೆ ಸಾಕಾಗುತ್ತದೆ. ಎರಡನೆಯದಾಗಿ, ಅಧಿಕಾರವುಳ್ಳವರಿಗೆ ತಿಳಿಸಬೇಕು. ಬಸ್ಸಿನ ನಿರ್ವಾಹಕ, ಶಾಲೆಯ ಮುಖ್ಯೋಪಾಧ್ಯಾಯ, ಠಾಣೆಯ ಅಧಿಕಾರಿ ಇವರೆದುರಿಗೆ, ನೊಂದವನ ಒಂಟಿ ಮಾತಿಗೆ ಕಂಡವನ ಮಾತು ಜೊತೆಯಾದಾಗ ಅದರ ತೂಕವೇ ಬೇರೆ. ಮೂರನೆಯದಾಗಿ, ನೊಂದವನ ಬಳಿಗೆ ಹೋಗಬೇಕು. ಪಕ್ಕದಲ್ಲಿ ಕುಳಿತು, "ನಾನು ನೋಡಿದೆ, ಅದು ತಪ್ಪು" ಎಂದರೆ ಸಾಕು. ಆ ಮಾತು ಹಗ್ಗದಡಿಯ ಮೆತ್ತನೆಯ ಬಟ್ಟೆಯಾಗುತ್ತದೆ. ಬಹಿರಂಗವಾಗಿ ಎದುರಿಸಲು ಎಲ್ಲರಿಗೂ ಎಲ್ಲ ವೇಳೆಯಲ್ಲಿಯೂ ಸಾಧ್ಯವಾಗದು. ಉದ್ರಿಕ್ತರಾದ ಗುಂಪಿನ ಮುಂದೆ ಒಬ್ಬಂಟಿ ಹೆಂಗಸು ಏನು ಮಾಡಿಯಾಳು? ಆದರೆ ಈ ಮೂರರಲ್ಲಿ ಒಂದನ್ನೂ ಮಾಡಲಾಗದ ಸಂದರ್ಭಗಳು ಬಹಳ ಕಡಿಮೆ.

ಅತ್ಯಂತ ಕಷ್ಟವಾದುದು ನಮ್ಮವರೆದುರಿಗೆ ಮಾತನಾಡುವುದು. ಅಂತಿಯೋಕ್ಯದಲ್ಲಿ ಸಂತ ಪೇತ್ರರು ಅನ್ಯಜನಾಂಗದವರೊಡನೆ ಊಟಕ್ಕೆ ಕುಳಿತುಕೊಳ್ಳುತ್ತಿದ್ದರು; ತಮ್ಮ ಕಡೆಯವರು ಬಂದೊಡನೆ ಹಿಂಜರಿದು ಬೇರೆಯಾದರು. ಆಗ ಸಂತ ಪೌಲರು ಎಲ್ಲರ ಮುಂದೆಯೇ ಅವರನ್ನು ತಡೆದು ಕೇಳಿದರು. ಪ್ರೇಷಿತರ ಪಂಕ್ತಿಯಲ್ಲಿಯೇ ಹೀಗಾದ ಮೇಲೆ ನಮ್ಮ ಪಂಕ್ತಿಗಳ ಮಾತೇನು? ಸೊಸೆಯನ್ನು ಹುಡುಕುವಾಗ ಮೈಬಣ್ಣವನ್ನೇ ಮೊದಲು ಕೇಳುವ ಅತ್ತೆಮ್ಮನಿಗೆ ಮನೆಯವರೇ ಹೇಳಬೇಕು. ಈಶಾನ್ಯದ ಹುಡುಗರಿಗೂ ಆಫ್ರಿಕದ ವಿದ್ಯಾರ್ಥಿಗಳಿಗೂ ಮನೆ ಬಾಡಿಗೆಗೆ ಕೊಡುವುದಿಲ್ಲವೆನ್ನುವ ಮಾಲೀಕರಿಗೆ, ಅವರೊಡನೆ ಒಂದೇ ಬೆಂಚಿನಲ್ಲಿ ಕುಳಿತು ಬಲಿಪೂಜೆಯಲ್ಲಿ ಪಾಲ್ಗೊಳ್ಳುವ ಗೆಳೆಯರೇ ಹೇಳಬೇಕು.

ಜನಾಂಗದ ಕಾರಣದಿಂದ ಯಾವ ನಾಗರಿಕನಿಗೂ ಅಂಗಡಿ, ಹೋಟೆಲುಗಳ ಪ್ರವೇಶವನ್ನು ತಡೆಯಕೂಡದೆಂದು ನಮ್ಮ ಸಂವಿಧಾನದ 15ನೆಯ ವಿಧಿ ಸಾರುತ್ತದೆ. ಆದರೆ ಸಂವಿಧಾನವು ಬಸ್ಸಿನಲ್ಲಿ ನೊಂದವನ ಪಕ್ಕದ ಆಸನದಲ್ಲಿ ಕುಳಿತಿರುವುದಿಲ್ಲ. ಅಲ್ಲಿ ಕುಳಿತಿರುವವರು ನಾವು.

ಪ್ರಿಯರೇ, ಕ್ರಿಸ್ತರಿಗೆ ಸಾಕ್ಷಿಗಳಾಗಿರಿ ಎಂದು ಈ ದೇವಾಲಯದ ಪೀಠದಿಂದ ನೂರು ವರ್ಷ ಬೋಧಿಸಲಾಗಿದೆ. ಸಾಕ್ಷಿ ಎಂದರೆ ಕಣ್ಣಾರೆ ಕಂಡವನು. ಕಂಡುದನ್ನು ಹೇಳದವನು ಸಾಕ್ಷಿಯಾಗಲಾರ. ಮುಂದಿನ ನೂರು ವರ್ಷಗಳಲ್ಲಿ ಈ ಬಾಗಿಲನ್ನು ದಾಟಿ ಬರುವ ಯಾವನೇ ಅಪರಿಚಿತನು ತನ್ನ ಮುಖದ ಕಾರಣದಿಂದ ಒಂಟಿಯಾಗದಿರಲಿ. ಆ ಹೊಣೆಯನ್ನು ಹೊರುವ ಧೈರ್ಯವನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.