ಕಣ್ಣಿಗೆ ಹೂ ಬೀಳದಿರಲಿ
(ಸಂಘದ ರಜತ ಮಹೋತ್ಸವದಲ್ಲಿ ಮಾಡಿದ ಭಾಷಣ)



ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನ ಹಾಗಿರುವ ಪದರವೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಕೋಲಾರ, ಮಾಲೂರಿನ ಹೊಲದಲ್ಲಿ ರಾಗಿ ಒಕ್ಕುವಾಗ ಹಾರಿದ ಹೊಟ್ಟು, ಮುಳಬಾಗಿಲಿನ ಟೊಮ್ಯಾಟೊ ತೋಟದ ಕಡ್ಡಿ, ಶ್ರೀನಿವಾಸಪುರದ ಮಾವಿನ ರೆಂಬೆ, ಯಾವುದು ತಗುಲಿದರೂ ಅದು ಗೀರಿಬಿಡುತ್ತೆ. ಗೀರಿದ ಜಾಗದಲ್ಲಿ ಬೂಷ್ಟು ಬೆಳೆದರೆ ಹುಣ್ಣಾಗುತ್ತದೆ. ಹುಣ್ಣು ಮಾಯ್ದ ಮೇಲೆ ಉಳಿಯುವ ಬಿಳಿ ಕಲೆಯನ್ನೇ ನಾವು 'ಹೂ ಬಿತ್ತು' ಅನ್ನೋದು.

ಕಣ್ಣಿಗೆ ಪೆಟ್ಟಾದರೆ ಸೊಪ್ಪಿನ ರಸ, ಎದೆಹಾಲು ಬಿಡಬೇಡಿ. ಡಾಕ್ಟರನ್ನು ಕೇಳದೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿಯಂತೂ ಬೇಡವೇ ಬೇಡ. ಕೆಂಪು ಇಳಿದಂತೆ ಕಂಡರೂ ಒಳಗೆ ಬೂಷ್ಟು ಹಬ್ಬುತ್ತದೆ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹುಣ್ಣನ್ನು ಪರೀಕ್ಷಿಸಿ ತಕ್ಕ ಹನಿ ಬರೆದುಕೊಡುತ್ತಾರೆ; ಅದನ್ನು ವಾರಗಟ್ಟಲೆ ತಪ್ಪದೆ ಹಾಕಬೇಕು.

ಕಲೆ ನಟ್ಟನಡುವೆ ದಟ್ಟವಾಗಿ ಉಳಿದರೆ ದಾನಿಯ ಕಾರ್ನಿಯಾ ಕಸಿ ಮಾಡಬೇಕಾಗುತ್ತದೆ. 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ಬೆಂಗಳೂರಿನಲ್ಲಿ ನಾಲ್ವರಿಗೆ ದೃಷ್ಟಿ ಬಂತು. ಒಂದೊಂದು ಕಾರ್ನಿಯಾವನ್ನೂ ಪದರ ಬಿಡಿಸಿ ಇಬ್ಬಿಬ್ಬರಿಗೆ ಹಾಕಿದರು. ಕನ್ನಡಕ ಹಾಕುವವರು, ಪೊರೆ ಆಪರೇಷನ್ ಆದವರೂ ಕಣ್ಣು ಕೊಡಬಹುದು. ಸಾವಾದ 6 ಗಂಟೆಯೊಳಗೆ ತೆಗೆಯಬೇಕು. ಆದ್ದರಿಂದ ಮನೆಯವರಿಗೆ ಇವತ್ತೇ ಹೇಳಿಡಿ.

ಹಾಲು ಕೂಡಿಸಿ ಸಂಘ ಕಟ್ಟಿದ ಊರು ಇದು. ಕಣ್ಣು ಕೊಡುವ ಊರೂ ಆಗಲಿ.