ಮೇಳದ ಗಲ್ಲಾಪೆಟ್ಟಿಗೆ, ಮನೆಯ ಕೂಲಿ



ಮೈಸೂರು ನಗರಕ್ಕೆ ಕರಕುಶಲವೂ ಹೊಸತಲ್ಲ, ಅದರ ಮಾರಾಟವೂ ಹೊಸತಲ್ಲ. ಅರಮನೆಯ ಅಂಬಾವಿಲಾಸದಲ್ಲಿ ದಂತದ ಕುಸುರಿಯುಳ್ಳ ಬೀಟೆಮರದ ಬಾಗಿಲು ಇಂದಿಗೂ ನೋಡುಗರನ್ನು ನಿಲ್ಲಿಸುತ್ತದೆ. ದಂತದ ಬಳಕೆಯನ್ನು ಕಾನೂನು ನಿಷೇಧಿಸಿದ ಮೇಲೆ ಬೇರೆ ಬೇರೆ ಬಣ್ಣದ ಮರದ ತುಣುಕುಗಳನ್ನು ಹುದುಗಿಸಿ ಅದೇ ಕಲೆಯನ್ನು ಮುಂದುವರಿಸಿದ ಕುಶಲಕರ್ಮಿಗಳು ನಗರದಲ್ಲಿದ್ದಾರೆ. ಬೀಟೆಮರದ ಇನ್‌ಲೇ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆ, ಗಂಜೀಫಾ ಎಲೆಗಳು, ಈ ಮೂರಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಮಾರಾಟಕ್ಕೆ ದಸರಾ ವಸ್ತುಪ್ರದರ್ಶನವಿದೆ, ವರ್ತುಲ ರಸ್ತೆಯ ಜೆಎಸ್‌ಎಸ್ ಅರ್ಬನ್ ಹಾತ್ ಇದೆ, ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಯಿದೆ, ಸುತ್ತೂರು ಜಾತ್ರೆಯ ವಸ್ತುಪ್ರದರ್ಶನವಿದೆ. ಇಷ್ಟೆಲ್ಲ ಇದ್ದೂ ಕುಶಲಕರ್ಮಿಯ ಮಗಳು ತಾಯಿಯ ಕೆಲಸವನ್ನು ಕಲಿಯಲು ಒಪ್ಪದಿರುವುದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಕಲೆಯಲ್ಲಿ ಹುಡುಕಬೇಕಾಗಿಲ್ಲ. ಲೆಕ್ಕದಲ್ಲಿ ಹುಡುಕಬೇಕಾಗಿದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಇದು ಕಲ್ಪಿತ ಲೆಕ್ಕ. ಆಯಾ ಸಂಘವು ತನ್ನ ಅಂಕಿಗಳನ್ನು ಇಲ್ಲಿ ತುಂಬಿಕೊಳ್ಳಲಿ. ಒಂದು ಸಂಘವು ಬಟ್ಟೆಯ ರಾಜ-ರಾಣಿ ಗೊಂಬೆಗಳನ್ನು ಮಾಡುತ್ತದೆ. ಒಂದು ಜೋಡಿಗೆ ಬಟ್ಟೆ, ಹತ್ತಿ, ದಾರ, ಜರಿ, ಬಣ್ಣ ಎಲ್ಲ ಸೇರಿ 110 ರೂಪಾಯಿ ಸಾಮಗ್ರಿ. 5 ಗಂಟೆಯ ಕೆಲಸ. ಮಾರಾಟದ ಬೆಲೆ 450 ರೂಪಾಯಿ. 10 ದಿನಗಳ ಮೇಳಕ್ಕೆಂದು 128 ಜೋಡಿ ತಯಾರಾಗುತ್ತವೆ. ಹೊಲಿಗೆ ಸರಿಯಾಗದೆ, ಬಣ್ಣ ಹರಡಿ, ಮಳೆಯಲ್ಲಿ ನೆನೆದು 8 ಜೋಡಿ ಹಾಳಾಗುತ್ತವೆ. ಉಳಿದ 120 ಜೋಡಿಯೂ ಮಾರಾಟವಾಗುತ್ತವೆ ಎಂದೇ ಇಟ್ಟುಕೊಳ್ಳೋಣ. ಗಲ್ಲಾಪೆಟ್ಟಿಗೆಗೆ ಬಂದದ್ದು 54,000 ರೂಪಾಯಿ.

ಮನೆಗೆ ಬಂದ ದಿನ ಎಲ್ಲರ ಮುಖದಲ್ಲಿಯೂ ಸಂತೋಷವಿರುತ್ತದೆ, ಇರುವುದು ಸಹಜವೇ. ಸಾಮಗ್ರಿಗೆ 14,080 ರೂಪಾಯಿ ಕಳೆಯಬೇಕು. ಮಳಿಗೆಯ ಬಾಡಿಗೆ 6,000, ಸರಕು ಸಾಗಾಣಿಕೆ ಹೋಗಿ ಬರಲು 2,500, ಇಬ್ಬರ ಊಟ ಮತ್ತು ಬಸ್ಸಿಗೆ 4,000, ಚೀಲ ಮತ್ತು ದೀಪದ ಖರ್ಚು 500. ಒಟ್ಟು 13,000 ಕಳೆಯಬೇಕು. ಉಳಿದದ್ದು 26,920. ಬಹುತೇಕ ಸಂಘಗಳ ಪುಸ್ತಕದಲ್ಲಿ ಈ ಮೊತ್ತವೇ ಲಾಭವೆಂಬ ಕಲಮಿನಲ್ಲಿ ಕುಳಿತುಬಿಡುತ್ತದೆ, ಲೆಕ್ಕವೂ ಅಲ್ಲಿಗೇ ನಿಲ್ಲುತ್ತದೆ.

ಆದರೆ 128 ಜೋಡಿಗೆ 5 ಗಂಟೆಯಂತೆ 640 ಗಂಟೆಗಳಾದವು. ದಿನಕ್ಕೆ 8 ಗಂಟೆಯಂತೆ 80 ಆಳುದಿನಗಳು. ಮೇಳದಲ್ಲಿ ಇಬ್ಬರು 10 ದಿನ ನಿಂತದ್ದು 20 ಆಳುದಿನಗಳು. ಒಟ್ಟು 100. ಉಳಿದ ಹಣವನ್ನು ನೂರರಿಂದ ಭಾಗಿಸಿದರೆ ದಿನಕ್ಕೆ 269 ರೂಪಾಯಿ 20 ಪೈಸೆ. ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ನೇ ಸಾಲಿಗೆ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ವರ್ಷಗಟ್ಟಲೆ ಕಲಿತ ಕೈಯ ಕೂಲಿ ಬದು ನಿರ್ಮಾಣದ ಕೂಲಿಗಿಂತ ನೂರು ರೂಪಾಯಿ ಕಡಿಮೆ. ಈ ಭಾಗಾಕಾರವನ್ನು ತಾಯಿ ಮಾಡದಿದ್ದರೂ ಮಗಳು ಮಾಡಿರುತ್ತಾಳೆ. ಅದಕ್ಕಾಗಿ ಅವಳನ್ನು ದೂರುವುದು ನ್ಯಾಯವಲ್ಲ.

ಹಾಗಾದರೆ ಬೆಲೆ ಏರಿಸಬೇಕೇ? ದಿನಕ್ಕೆ 370 ಸಿಗಬೇಕಾದರೆ ಜೋಡಿಯ ಬೆಲೆ 534 ರೂಪಾಯಿ ಆಗಬೇಕು. ಕೆಲವು ವಸ್ತುಗಳು ಆ ಏರಿಕೆಯನ್ನು ತಾಳುತ್ತವೆ, ಕೆಲವು ತಾಳುವುದಿಲ್ಲ. ಚೌಕಾಸಿಯ ಭಯದಿಂದ ಮೊದಲೇ ಬೆಲೆಯನ್ನು ಎರಡರಷ್ಟು ಹೇಳಿ ಅರ್ಧಕ್ಕೆ ಇಳಿಯುವ ಪದ್ಧತಿಯಂತೂ ಕೈಕೆಲಸಕ್ಕೆ ತಕ್ಕುದಲ್ಲ. ಅರ್ಧಕ್ಕೆ ಇಳಿದ ವಸ್ತುವಿನ ಶ್ರಮವನ್ನು ಗ್ರಾಹಕರು ನಂಬುವುದಿಲ್ಲ. ಬೆಲೆಯ ಚೀಟಿಯನ್ನು ಬರೆದು ಅಂಟಿಸಿ, ಅದರ ಕೆಳಗೆ ಒಂದು ಜೋಡಿಗೆ 5 ಗಂಟೆಯ ಕೈಕೆಲಸ ಎಂದು ಬರೆದರೆ ಮಾತು ಬೇರೆಯಾಗುತ್ತದೆ.

ಬೆಲೆಯನ್ನು ಮುಟ್ಟದೆಯೂ ಕೂಲಿಯನ್ನು ಏರಿಸುವ ದಾರಿ ಇದೆ. ಒಬ್ಬಳೇ ಒಂದು ಗೊಂಬೆಯನ್ನು ಮೊದಲಿನಿಂದ ಕಡೆಯವರೆಗೆ ಮಾಡುವ ಬದಲು, ಒಂದು ದಿನ ಬಟ್ಟೆಯನ್ನೆಲ್ಲ ರಟ್ಟಿನ ಅಚ್ಚಿಟ್ಟು ಕತ್ತರಿಸಿ, ಮರುದಿನ ಹೊಲಿದು, ಮತ್ತೊಂದು ದಿನ ಕಣ್ಣು-ಮೂಗು ಬರೆದರೆ ಸಾಧನಗಳನ್ನು ತೆಗೆದು ಇಡುವ ಹೊತ್ತು ಉಳಿಯುತ್ತದೆ. 5 ಗಂಟೆ 4 ಗಂಟೆಯಾಯಿತೆನ್ನೋಣ. 80 ಆಳುದಿನ 64ಕ್ಕೆ ಇಳಿಯುತ್ತದೆ. ಎರಡನೆಯದಾಗಿ, ಮಳಿಗೆಯನ್ನು ಎರಡು ಸಂಘಗಳು ಹಂಚಿಕೊಳ್ಳಲಿ, ಒಬ್ಬೊಬ್ಬರೇ ನಿಲ್ಲಲಿ. ಗೊಂಬೆಯ ಪಕ್ಕದಲ್ಲಿ ಗೊಂಬೆಯನ್ನೇ ಇಟ್ಟರೆ ಪ್ರಯೋಜನವಿಲ್ಲ. ಬಾಳೆನಾರಿನ ಬುಟ್ಟಿಯನ್ನೋ ಸೆಣಬಿನ ಚೀಲವನ್ನೋ ಇಡಬೇಕು. ಆಗ ಮೇಳದ ಖರ್ಚು 6,500ಕ್ಕೂ ನಿಲ್ಲುವ ಆಳುದಿನ 10ಕ್ಕೂ ಇಳಿಯುತ್ತವೆ. ಮಾರಾಟ ಅಷ್ಟೇ ಇದ್ದರೆ ಉಳಿಯುವುದು 33,420 ರೂಪಾಯಿ, ಆಳುದಿನ 74. ದಿನಕ್ಕೆ 451 ರೂಪಾಯಿ. ಗೊಂಬೆ ಅದೇ, ಬೆಲೆ ಅದೇ.

ಈ ಲೆಕ್ಕಕ್ಕೆ ಬೇಕಾದದ್ದು ಒಂದು ನೋಟ್‌ಪುಸ್ತಕ ಮತ್ತು ಗೋಡೆಯ ಗಡಿಯಾರ. ಕೆಲಸಕ್ಕೆ ಕುಳಿತ ಹೊತ್ತು, ಎದ್ದ ಹೊತ್ತು, ಮುಗಿದ ಸಂಖ್ಯೆ, ಕೆಟ್ಟ ಸಂಖ್ಯೆ. ಒಲೆ, ಮಗು, ದನ ಇವುಗಳ ನಡುವೆ ಮಾಡುವ ಕೆಲಸಕ್ಕೆ ಗಂಟೆ ಎಣಿಸುವುದು ಹೇಗೆಂಬ ಆಕ್ಷೇಪ ಬರುತ್ತದೆ, ಅದು ಸಕಾರಣವಾದುದೇ. ಆದರೂ ಒಂದು ವಾರ ಬರೆದು ನೋಡಿದರೆ ಸರಾಸರಿ ಸಿಕ್ಕಿಬಿಡುತ್ತದೆ, ವರ್ಷವಿಡೀ ಬರೆಯಬೇಕಾಗಿಲ್ಲ.

ಇನ್ನು ಯಾವ ಮೇಳ, ಯಾವ ಕಾಲ ಎಂಬ ವಿಚಾರ. ಮೈಸೂರಿನ ಮನೆಗಳಲ್ಲಿ ಪಟ್ಟದ ಗೊಂಬೆಗಳ ಸುತ್ತ ಹೊಸ ಗೊಂಬೆಗಳನ್ನು ಸೇರಿಸಿ ಕೂರಿಸುವುದು ನವರಾತ್ರಿಯ ಮೊದಲ ದಿನ. ಕೊಳ್ಳುವವರು ಅದಕ್ಕೆ ಮುಂಚಿನ ವಾರಗಳಲ್ಲಿಯೇ ಕೊಂಡಿರುತ್ತಾರೆ. ದಸರಾ ವಸ್ತುಪ್ರದರ್ಶನ ಆರಂಭವಾಗುವುದು ಹಬ್ಬದ ಜೊತೆಯಲ್ಲಿ, ನಡೆಯುವುದು ಅನಂತರದ ಹಲವು ವಾರ. ಕೂರಿಸುವ ಗೊಂಬೆಯನ್ನು ಅಲ್ಲಿಗೆ ಒಯ್ದವರು ಮದುವೆ ಮುಗಿದ ಮೇಲೆ ಬಾಸಿಂಗ ಮಾರಲು ಹೋದಂತೆ. ಕೂರಿಸುವ ಗೊಂಬೆಗಳ ಮಾರಾಟ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳಿನದು. ಪ್ರದರ್ಶನಕ್ಕೆ ಬರುವವರು ಮಕ್ಕಳ ಕೈಗೆ ಕೊಡುವ ಆಟಿಕೆ, ಊರಿಗೆ ಒಯ್ಯುವ ಉಡುಗೊರೆ, ಇವುಗಳ ಗ್ರಾಹಕರು. ಜಾತ್ರೆಯ ಗ್ರಾಹಕರು ಮತ್ತೊಂದು ಬಗೆ. ದೇವರ ದರ್ಶನಕ್ಕೆಂದು ಬಂದವರ ಕೈಯಲ್ಲಿ ವಸ್ತುವಿಗೆಂದು ತೆಗೆದಿಟ್ಟ ಹಣ ಕಡಿಮೆ. ಅಲ್ಲಿಗೆ ಸಣ್ಣ ಬೆಲೆಯ ಸಾಮಾನುಗಳೇ ಸರಿ.

ಒಂದೇ ದಾರಿಯ ಗ್ರಾಹಕರನ್ನು ನಂಬುವುದರ ಅಪಾಯವನ್ನು ಮೈಸೂರಿನವರು ಬೆಂಗಳೂರಿಗೆ ಹೋಗುವಾಗಲೇ ಕಾಣಬಹುದು. ಚನ್ನಪಟ್ಟಣದ ಹಳೆಯ ಹೆದ್ದಾರಿಯ ಇಕ್ಕೆಲದ ಗೊಂಬೆ ಅಂಗಡಿಗಳು ಬಹುಕಾಲ ದಾರಿಹೋಕರ ಮೇಲೆಯೇ ನಡೆದವು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ವಾಹನಗಳು ಊರನ್ನು ಬಳಸಿ ಹೋಗತೊಡಗಿದವು. ಅಂಗಡಿಗಳ ವ್ಯಾಪಾರ ಕುಸಿಯಿತು. ಆಲೆಮರವೂ ಅರಗಿನ ಬಣ್ಣವೂ ಕೈಚಳಕವೂ ಹಾಗೆಯೇ ಇದ್ದವು, ಬದಲಾದದ್ದು ರಸ್ತೆ ಮಾತ್ರ. ಆದ್ದರಿಂದ ಮೇಳದಲ್ಲಿ ಕೊಂಡವರ ಪೈಕಿ ಒಪ್ಪಿದವರ ಹೆಸರು, ದೂರವಾಣಿ ಸಂಖ್ಯೆ, ಕೊಂಡ ವಸ್ತು ಇಷ್ಟನ್ನು ಬರೆದಿಟ್ಟುಕೊಂಡು, ಮುಂದಿನ ಹಬ್ಬಕ್ಕೆ ಒಂದು ತಿಂಗಳು ಮೊದಲು ಹೊಸ ಗೊಂಬೆಗಳ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದು ಉತ್ತಮ. ಮೇಳದಲ್ಲಿ ಎಲ್ಲವೂ ಮಾರಾಟವಾಗದ ವರ್ಷವೂ ಈ ಪಟ್ಟಿ ಸಂಘದ ಕೈಯಲ್ಲಿ ಉಳಿಯುತ್ತದೆ.

ಮಳಿಗೆ ಖಾಲಿ ಕಾಣಬಾರದೆಂದು ಸಗಟು ಪೇಟೆಯ ಯಂತ್ರದ ಸಾಮಾನು ತಂದು ಕೈಕೆಲಸದ ಜೊತೆ ಇಡುವವರು ಇದ್ದಾರೆ. ಎರಡು ದಿನ ಲಾಭ ಕಾಣುತ್ತದೆ. ಅದೇ ಸಾಮಾನು ದೇವರಾಜ ಅರಸು ರಸ್ತೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿದಾಗ ಗ್ರಾಹಕರು ಸಂಘದ ಗೊಂಬೆಯನ್ನೂ ಅನುಮಾನಿಸುತ್ತಾರೆ. ಇದನ್ನು ಒಕ್ಕೂಟಗಳು ತಡೆಯಬೇಕು.

ಹಣ ಪಡೆಯುವ ಕ್ಯೂಆರ್ ಸಂಕೇತವು ಸಂಘದ ಖಾತೆಯದೇ ಆಗಿರಲಿ. ಮಗನ ಅಥವಾ ಗಂಡನ ಮೊಬೈಲಿನ ಸಂಕೇತವನ್ನು ಅಂಟಿಸಿದಲ್ಲಿ ಮಾರಾಟದ ಲೆಕ್ಕ ಮೊದಲ ದಿನವೇ ತಪ್ಪುತ್ತದೆ, ಹಣ ಮರಳಿ ಬರುವ ಖಾತರಿಯೂ ಇರುವುದಿಲ್ಲ.

ಕಾಗದಪತ್ರಗಳ ವಿಚಾರವಾಗಿ ಸ್ವಲ್ಪ ಹೇಳಬೇಕು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಮಧ್ಯವರ್ತಿಗಳಿಗೆ ಹಣ ಕೊಡಬೇಕಾಗಿಲ್ಲ. ಕರಕುಶಲ ವಿಕಾಸ ಆಯುಕ್ತರ ಕಚೇರಿಯ ಕುಶಲಕರ್ಮಿ ಗುರುತಿನ ಚೀಟಿಯನ್ನು ಮಾಡಿಸಿಕೊಳ್ಳಬೇಕು. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿಗೆ 15,000 ರೂಪಾಯಿವರೆಗೆ ಉಪಕರಣ ನೆರವು, ಶೇಕಡ 5ರ ಬಡ್ಡಿಯಲ್ಲಿ ಮೊದಲ ಕಂತು 1 ಲಕ್ಷ, ಎರಡನೆಯ ಕಂತು 2 ಲಕ್ಷ ರೂಪಾಯಿವರೆಗೆ ಸಾಲ ಇದೆ. ಗೊಂಬೆ ಮಾಡುವವರು, ಬುಟ್ಟಿ-ಚಾಪೆ ಹೆಣೆಯುವವರು ಆ ಪಟ್ಟಿಯಲ್ಲಿದ್ದಾರೆ. ಎಲ್ಲ ಕೈಕೆಲಸಗಳೂ ಇಲ್ಲ. ಗ್ರಾಮಾಂತರದ ಅರ್ಜಿಗಳ ಮೊದಲ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯಿತಿಯಲ್ಲಿಯೇ. ಸಾಲ ಪಡೆಯುವ ಮೊದಲು ಮೇಲಿನ ಆಳುದಿನದ ಲೆಕ್ಕವನ್ನು ಮಾಡಿರಬೇಕು. ದಿನಕ್ಕೆ 269 ರೂಪಾಯಿ ಹುಟ್ಟುವ ಕೆಲಸವನ್ನು ಸಾಲ ತಂದು ದೊಡ್ಡದು ಮಾಡಿದರೆ ಕೊರತೆಯೂ ದೊಡ್ಡದಾಗುತ್ತದೆ.

ಕೊಯಮತ್ತೂರಿಗೋ ಕೋಳಿಕ್ಕೋಡಿಗೋ ಮೇಳಕ್ಕೆ ಹೋಗುವ ಸಂಘಗಳು ಒಂದು ನಿಯಮವನ್ನು ಗಮನಿಸಬೇಕು. ಅಧಿಸೂಚಿತ ಕರಕುಶಲ ವಸ್ತುಗಳನ್ನು ಹೊರರಾಜ್ಯದಲ್ಲಿ ಮಾರುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಇದೆ. ಆದರೆ ಪ್ಯಾನ್ ಸಂಖ್ಯೆ ಇರಬೇಕು. ಸರಕಿನ ಬೆಲೆ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಮಾಡಿಸಲೇಬೇಕು. ಸಾಮಾನ್ಯ ಸರಕಿಗಿರುವ 50,000 ರೂಪಾಯಿಯ ಮಿತಿ ಇಲ್ಲಿ ಅನ್ವಯಿಸುವುದಿಲ್ಲ. ಗಡಿಯ ತಪಾಸಣೆಯಲ್ಲಿ ಗೊಂಬೆಯ ಪೆಟ್ಟಿಗೆಗಳು ನಿಂತುಬಿಟ್ಟರೆ ಮೇಳದ ಮೊದಲ ದಿನ ಹೋದಂತೆಯೇ. ಹೊರಡುವ ಹಿಂದಿನ ದಿನ ಒಕ್ಕೂಟದ ಲೆಕ್ಕಪುಸ್ತಕ ಬರೆಯುವವರು ಇದನ್ನು ಸಿದ್ಧಪಡಿಸಿ, ಒಂದು ಪ್ರತಿಯನ್ನು ವಾಹನದ ಚಾಲಕರ ಕೈಯಲ್ಲಿ, ಇನ್ನೊಂದನ್ನು ಮಳಿಗೆಗೆ ಹೋಗುವ ಸದಸ್ಯೆಯ ಕೈಯಲ್ಲಿ ಕೊಡತಕ್ಕದ್ದು.