ನಸುಕಿನ ಅರ್ಧ ತಾಸು
(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಬೇಗ ಏಳಬೇಕು ಎಂದು ಉಪದೇಶ ಮಾಡಲು ನಾನು ಬಂದಿಲ್ಲ. ಹೈನು ಇಟ್ಟ ಮನೆಯಲ್ಲಿ ಹೊತ್ತೇರುವವರೆಗೆ ಮಲಗಿದರೆ ನಡೆಯುವುದಿಲ್ಲವೆಂಬುದು ನಿಮಗೇ ಗೊತ್ತು. ತಾಯಂದಿರಂತೂ ಯಜಮಾನರಿಗಿಂತ ಒಂದು ತಾಸು ಮೊದಲೇ ಎದ್ದಿರುತ್ತಾರೆ. ಎದ್ದ ಮೇಲೆ ಮೊದಲ ಕೆಲಸ ಯಾವುದು ಎಂಬುದಷ್ಟೇ ನನ್ನ ಮಾತು.

ನಮ್ಮಲ್ಲಿ ರೂಢಿ ಏನು? ಎದ್ದವರೇ ಕಸಬರಿಗೆ ಹಿಡಿದು ಸೆಗಣಿ ಬಳಿಯುವುದು. ಸ್ವಚ್ಛತೆ ಬೇಕೇ ಬೇಕು. ಆದರೆ ಕಸದ ಜೊತೆಗೆ ಒಂದು ಸುದ್ದಿಯನ್ನೂ ಬಳಿದು ತಿಪ್ಪೆಗೆ ಹಾಕುತ್ತಿದ್ದೇವೆ. ಎಮ್ಮೆ ಬೆದೆಗೆ ಬಂದ ಸುದ್ದಿ ಅದು.

ಆಕಳು ಬೆದೆಗೆ ಬಂದರೆ ಒದರುತ್ತದೆ, ಬೇರೆ ದನದ ಮೇಲೆ ಹಾರುತ್ತದೆ, ಓಣಿಗೆಲ್ಲ ತಿಳಿಯುತ್ತದೆ. ಎಮ್ಮೆ ಹಾಗಲ್ಲ, ಅದರದು ಮೂಕ ಬೆದೆ. ಅದೂ ಹೆಚ್ಚಾಗಿ ರಾತ್ರಿ ಮತ್ತು ನಸುಕಿನ ತಂಪು ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ, ಬಿಸಿಲೇರಿದಂತೆ ಮರೆಯಾಗುತ್ತದೆ. ಮಲಗಿದ್ದಾಗ ತತ್ತಿಯ ಬಿಳಿಲೋಳೆಯಂತಹ ತಿಳಿ ಲೋಳೆ ನೆಲಕ್ಕೆ ಇಳಿದಿರುತ್ತದೆ, ಬಾಲಕ್ಕೆ ಅಂಟಿರುತ್ತದೆ. ಮೇಲಿಂದ ಮೇಲೆ ಗಂಜಲ ಹಾಕುವುದು, ಯೋನಿಯ ತುಟಿ ಬಾತಿರುವುದು, ಕಣಿಕೆಗೆ ಬಾಯಿ ಹಾಕದೆ ನಿಲ್ಲುವುದು, ಆ ದಿನ ಹಾಲು ತುಸು ಇಳಿಯುವುದು, ಇವೂ ಗುರುತುಗಳೇ. ಆದರೆ ನೆಲದ ಮೇಲಿನ ಲೋಳೆ ಕಸ ಹೊಡೆದ ಮೇಲೆ ಎಲ್ಲಿ ಸಿಗಬೇಕು?

ಆದ್ದರಿಂದ ಕಸಬರಿಗೆಗಿಂತ ಮೊದಲು ಬ್ಯಾಟರಿ ಹಿಡಿಯಿರಿ. ಮೊಬೈಲಿನ ಬೆಳಕಾದರೂ ಸರಿ. ಎಮ್ಮೆ ಮಲಗಿರುವಾಗಲೇ ಹಿಂದೆ ಹೋಗಿ ನೋಡಿ. ಇದು ಯಜಮಾನರ ಕೆಲಸವಾಗಲಿ; ಚಹಾ ಆಮೇಲೆ ಕುಡಿದರಾಯಿತು. ನವಲಗುಂದ, ಅಣ್ಣಿಗೇರಿ ಕಡೆ ಹಿಂಗಾರಿ ಬಿತ್ತನೆಯ ದಿನಗಳಲ್ಲಿ ಮನೆಮಂದಿ ಬೆಳಕು ಹರಿಯುವಷ್ಟರಲ್ಲಿ ಹೊಲ ಸೇರುತ್ತಾರೆ. ಕಲಘಟಗಿ ಕಡೆ ದನ ಮೇಯಲು ಬಿಡುತ್ತಾರೆ. ಒಮ್ಮೆ ಹೊರಗೆ ಹೋದ ಮೇಲೆ ನೋಡುವವರಾರು? ಎಮ್ಮೆಗಳು ಹೆಚ್ಚಾಗಿ ಬೆದೆಗೆ ಬರುವುದೂ ಮಳೆಗಾಲದ ಕೊನೆಯಿಂದ ಚಳಿಗಾಲ ಮುಗಿಯುವವರೆಗೆ, ಅಂದರೆ ನಿಮಗೆ ಕೆಲಸ ಮೈತುಂಬಾ ಇರುವ ಈ ಕಾಲದಲ್ಲೇ.

ಒಂದು ಬೆದೆ ತಪ್ಪಿದರೆ ಮುಂದಿನದಕ್ಕೆ ಸುಮಾರು 21 ದಿನ ಕಾಯಬೇಕು. ದಿನಕ್ಕೆ 5 ಲೀಟರ್ ಕೊಡುವ ಎಮ್ಮೆ ಎಂದು ಹಿಡಿಯಿರಿ. 105 ಲೀಟರ್ ಹಾಲು ಅಷ್ಟು ದಿನ ಮುಂದಕ್ಕೆ ಹೋಯಿತು. ಹೊಟ್ಟು, ಹಿಂಡಿಯ ಖರ್ಚು ಮಾತ್ರ ನಿಲ್ಲಲಿಲ್ಲ. ಎರಡು ಸಲ ತಪ್ಪಿದರೆ ಲೆಕ್ಕ ನೀವೇ ಮಾಡಿ. ಎಮ್ಮೆ ಗಬ್ಬವಾದ ಮೇಲೂ ಈಯಲು 10 ತಿಂಗಳು 10 ದಿನ ಬೇಕು.

"ಡಾಕ್ಟರೇ, ಎಷ್ಟು ಸಲ ಮಾಡಿಸಿದರೂ ಗಬ್ಬ ನಿಲ್ಲುವುದಿಲ್ಲ" ಎಂಬ ದೂರು ಪ್ರತಿ ಊರಿನಲ್ಲೂ ಇದೆ. ಗರ್ಭಕೋಶದ ರೋಗ, ಖನಿಜಾಂಶದ ಕೊರತೆ ಇರಬಹುದು, ಪರೀಕ್ಷೆ ಮಾಡಿಸಲೇಬೇಕು. ಆದರೆ ಬಹಳ ಕಡೆ ತಪ್ಪಿರುವುದು ಹೊತ್ತು ಎಂದೇ ನನ್ನ ಅಭಿಪ್ರಾಯ. ಬೆದೆಯ ಲಕ್ಷಣ ಇಳಿದ ಕೆಲವು ತಾಸುಗಳ ನಂತರ ಅಂಡಾಣು ಬಿಡುಗಡೆಯಾಗುತ್ತದೆ. ಅದಕ್ಕೇ ನಸುಕಿನಲ್ಲಿ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಯಾವಾಗ ಶುರುವಾಯಿತು ಎಂದೇ ಗೊತ್ತಿಲ್ಲದಿದ್ದರೆ ಯಾವ ಡಾಕ್ಟರೂ ಸರಿಯಾದ ಹೊತ್ತು ಹೇಳಲಾರ.

ನೋಡಿದ ಮೇಲೆ ಕಸ, ಆಮೇಲೆ ಹಿಂಡುವುದು. ದಿನಾ ಅದೇ ಹೊತ್ತಿಗೆ ಹಿಂಡಿರಿ. ಕೆಚ್ಚಲು ತೊಳೆದು ಒರೆಸಿ, ಮೊದಲ ಎರಡು ಧಾರೆಯನ್ನು ಕರಿ ಬಟ್ಟೆ ಕಟ್ಟಿದ ಬಟ್ಟಲಿಗೆ ಬಿಡಿ. ಗರಣೆ ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಎಂದು ತಿಳಿಯಿರಿ. ಆ ಹಾಲನ್ನು ಸಂಘಕ್ಕೆ ತರಬೇಡಿ. ಹಿಂಡಿದ ಮೇಲೆ ಅರ್ಧ ತಾಸು ಎಮ್ಮೆ ಮಲಗದಂತೆ ಮುಂದೆ ಕಣಿಕೆ ಹಾಕಿ. ಮೊಲೆಯ ತೂತು ಆಗ ತೆರೆದೇ ಇರುತ್ತದೆ, ನೆಲದ ರೋಗಾಣು ಒಳಗೆ ಹೋಗುತ್ತವೆ.

ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂದು ರಾಷ್ಟ್ರಮಟ್ಟದ ಮಾನ್ಯತೆ ಸಿಕ್ಕಿತು. ಸಂತೋಷದ ಸಂಗತಿ. ಆದರೆ ತಳಿ ಉಳಿಯುವುದು ಹೊತ್ತಿಗೆ ಸರಿಯಾಗಿ ಕರು ಹಾಕಿದರೆ ತಾನೇ.

ಬೆದೆ ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಲು ಹಾಕಲು ಬಂದಾಗಲೇ ಕಾರ್ಯದರ್ಶಿಗೆ ತಿಳಿಸಿ, ಸಂಜೆಯೊಳಗೆ ಕಾರ್ಯಕರ್ತರು ಬರಲು ಅನುಕೂಲವಾಗುತ್ತದೆ. ಗರ್ಭಧಾರಣೆ ಮಾಡಿಸಿದ 18ನೇ ದಿನದಿಂದ 24ನೇ ದಿನದವರೆಗೆ ಮತ್ತೆ ನಸುಕಿನಲ್ಲಿ ಬ್ಯಾಟರಿ ಹಿಡಿದು ನೋಡಿ. ಲೋಳೆ ಕಂಡರೆ ಅದೇ ದಿನ ಹೇಳಿ ಕಳಿಸಿ. ಕಾಣದಿದ್ದರೂ ಗಬ್ಬವಾಯಿತೆಂದು ಸುಮ್ಮನಾಗದೆ, ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಿ.